ಹೊಡೆಯುವ ಮನೆ, ಮುಚ್ಚಿದ ತವರು: ಕನ್ನಡದ ಲೇಖಕಿಯರ ಕಥೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಆರೇಳು ಜನ ಗೆಳತಿಯರು ತಿಂಗಳಿಗೊಮ್ಮೆ ಸೇರಿ ಕನ್ನಡದ ಲೇಖಕಿಯರ ಕಥೆ, ಕಾದಂಬರಿ ಓದುತ್ತೇವೆ. ಯಾವ ಪುಸ್ತಕದಿಂದ ಶುರುವಾದರೂ ಮಾತು ಕೊನೆಗೆ ಮನೆಯೊಳಗಿನ ಹೊಡೆತ, ಬೈಗುಳ, ಅವಮಾನದ ಕಡೆಗೇ ತಿರುಗುತ್ತದೆ. ಹೊಸಬರು ಬಂದಾಗಲೆಲ್ಲ ಅವೇ ಪ್ರಶ್ನೆಗಳು ಬರುತ್ತವೆ, ಹಾಗಾಗಿ ಒಂದು ಕಡೆ ಬರೆದಿಡೋಣ ಅನ್ನಿಸಿತು. ಇಲ್ಲಿರುವ ಅಭಿಪ್ರಾಯ ನನ್ನದು, ಕೆಲವು ವಿಷಯಗಳಲ್ಲಿ ಗೆಳತಿಯರು ನನ್ನ ಜೊತೆ ಜಗಳ ಆಡಿದ್ದೂ ಇದೆ. ಕಥೆಗಳ ಕೊನೆಯನ್ನೂ ಹೇಳಿಬಿಟ್ಟಿದ್ದೇನೆ. ಕೊನೆ ಹೇಳದೆ ಈ ವಿಷಯ ಮಾತಾಡಲು ಆಗುವುದಿಲ್ಲ.

ಎಲ್ಲಿಂದ ಓದಲು ಶುರು ಮಾಡಲಿ?

ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ ಕಥೆಯಿಂದ. 2025ರ ಮೇ ತಿಂಗಳಲ್ಲಿ ಇಂಟರ್‌ನ್ಯಾಷನಲ್ ಬೂಕರ್ ಪ್ರಶಸ್ತಿ ಗೆದ್ದ ‘ಹಾರ್ಟ್ ಲ್ಯಾಂಪ್’ ಸಂಕಲನದ ಹೆಸರು ಬಂದಿದ್ದು ಈ ಕಥೆಯಿಂದಲೇ. ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ ಆ 12 ಕಥೆಗಳು 1990ರಿಂದ 2023ರ ನಡುವೆ ಬರೆದವು. ಪ್ರಶಸ್ತಿ ಬಂತು ಅಂತ ಓದಿ ಅನ್ನುತ್ತಿಲ್ಲ. ಪ್ರಶಸ್ತಿ ಬರುವ ಎಷ್ಟೋ ವರ್ಷ ಮೊದಲೇ ಹಾಸನದ ಈ ವಕೀಲೆ ಇಂಥ ಕಥೆಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದರು.

ಕಥೆಯಲ್ಲಿ ಮೆಹರುನ್ ಒಂದು ದಿನ ಹಸುಗೂಸನ್ನು ಎತ್ತಿಕೊಂಡು, ಹೇಳದೆ ಕೇಳದೆ ತವರಿಗೆ ಬರುತ್ತಾಳೆ. ಗಂಡ ಇನಾಯತ್ ಬೇರೆ ಹೆಂಗಸಿನ ಹಿಂದೆ ಹೋಗಿದ್ದಾನೆ. ಓದುತ್ತಿದ್ದ ಹುಡುಗಿಯನ್ನು ಬಿಡಿಸಿ ಮದುವೆ ಮಾಡಿದ ಮನೆ ಅದು. ಈಗಲಾದರೂ ತನ್ನ ಪರ ನಿಲ್ಲುತ್ತಾರೆ ಅನ್ನುವುದು ಅವಳ ಆಸೆ. ಆದರೆ ಅವಳು ಹೊಸ್ತಿಲು ದಾಟಿದ ಕೂಡಲೇ ಎಲ್ಲರ ಮುಖ ಬಿಗಿಯುತ್ತದೆ. ಮನೆತನದ ಮರ್ಯಾದೆಯ ಬುದ್ಧಿ ಇದ್ದಿದ್ದರೆ ಬೆಂಕಿ ಹಚ್ಚಿಕೊಂಡು ಸಾಯುತ್ತಿದ್ದೆ, ಇಲ್ಲಿಗೆ ಬರುತ್ತಿರಲಿಲ್ಲ ಅನ್ನುವ ಅರ್ಥದ ಮಾತು ಒಡಹುಟ್ಟಿದವರ ಬಾಯಿಂದಲೇ ಬರುತ್ತದೆ. ಅವಳನ್ನು ಅವತ್ತೇ ವಾಪಸ್ ಗಂಡನ ಮನೆಗೆ ಕರೆತಂದು ಬಿಡುತ್ತಾರೆ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಮೆಹರುನ್ ಸೀಮೆಎಣ್ಣೆ ಸುರಿದುಕೊಂಡು ಅಂಗಳಕ್ಕೆ ಬರುತ್ತಾಳೆ, ಕೈಯಲ್ಲಿ ಬೆಂಕಿಪೊಟ್ಟಣ. ಆಗ ಹಿರಿಮಗಳು ಸಲ್ಮಾ ಪುಟ್ಟ ಮಗುವನ್ನು ಎತ್ತಿಕೊಂಡು ಓಡಿ ಬರುತ್ತಾಳೆ, ಮಗುವನ್ನು ನೆಲದ ಮೇಲಿಟ್ಟು ಅಮ್ಮನ ಕಾಲು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆ. ಅಪ್ಪನಿಗೋಸ್ಕರ ಸಾಯುವುದಕ್ಕೆ ಆಗುವುದಾದರೆ ನಮಗೋಸ್ಕರ ಬದುಕುವುದಕ್ಕೆ ಆಗುವುದಿಲ್ಲವಾ ಅನ್ನುವುದು ಆ ಹುಡುಗಿಯ ಪ್ರಶ್ನೆ. ಆ ಕ್ಷಣಕ್ಕೆ ಮಗಳು ಗೆಳತಿಯಂತೆ ಕಾಣುತ್ತಾಳೆ, ತನ್ನ ನೋವು ಒಬ್ಬರಿಗಾದರೂ ಅರ್ಥವಾಯಿತು ಅಂತ ಮೆಹರುನ್‌ಗೆ ಅನ್ನಿಸುತ್ತದೆ. ಕಥೆ ಅಲ್ಲಿಗೆ ನಿಲ್ಲುತ್ತದೆ. ಮಾರನೇ ದಿನ ಏನಾಯಿತು ಅಂತ ಬಾನು ಹೇಳುವುದಿಲ್ಲ.

ನಾನು ಇದನ್ನು ಮೊದಲ ಸಲ ಓದಿದ್ದು ಬಸ್ಸಿನಲ್ಲಿ. ಇಳಿಯಬೇಕಾದ ಸ್ಟಾಪ್ ದಾಟಿ ಹೋಗಿತ್ತು.

“ಅಷ್ಟು ಕಷ್ಟ ಇದ್ದರೆ ಅವಳು ಬಿಟ್ಟು ಬರಬಹುದಿತ್ತಲ್ಲ?”

ಅತಿ ಹೆಚ್ಚು ಸಲ ಬರುವ ಪ್ರಶ್ನೆ ಇದು. ನನಗೆ ಸಿಟ್ಟು ಬರುವ ಪ್ರಶ್ನೆಯೂ ಹೌದು, ಆದರೂ ಸಮಾಧಾನವಾಗಿ ಉತ್ತರ ಕೊಡುತ್ತೇನೆ.

ಅವಳು ಬಿಟ್ಟು ಬಂದಳು. ಮೆಹರುನ್ ಬಂದಳು, ವಾಪಸ್ ಕಳಿಸಿದರು. ನಮ್ಮ ಜನಪದ ಹಾಡುಗಳಲ್ಲಿ ತವರು ಅಂದರೆ ಎಷ್ಟು ಚೆಂದ! ಪಂಚಮಿಗೆ ಅಣ್ಣ ಕರೆಯಲು ಬರುತ್ತಾನೆ, ತಾಯಿ ದಾರಿ ಕಾಯುತ್ತಾಳೆ, ತವರಿನ ದಾರಿಯ ಕಲ್ಲುಮುಳ್ಳೂ ಹೂವಿನಂತೆ ಕಾಣುತ್ತದೆ. ಅದೇ ಭಾಷೆಯಲ್ಲಿ ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಅನ್ನುವ ಗಾದೆಯೂ ಇದೆ. ಹಬ್ಬಕ್ಕೆ ಬಂದ ಮಗಳಿಗೆ ಹೋಳಿಗೆ ಮಾಡುವ ಮನೆ, ಗಂಡನ ಏಟು ತಡೆಯಲಾರದೆ ಬಂದ ಮಗಳಿಗೆ “ಎಷ್ಟು ದಿನ ಇರ್ತೀಯಾ?” ಅಂತ ಕೇಳುತ್ತದೆ. ಅಕ್ಕಪಕ್ಕದವರಿಗೆ ಏನು ಹೇಳೋದು, ತಂಗಿ ಮದುವೆ ಹೇಗೆ ಮಾಡೋದು, ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗು.

ಕನ್ನಡದ ಲೇಖಕಿಯರ ಕಥೆಗಳನ್ನು ಸಾಲಾಗಿ ಇಟ್ಟು ಓದಿದರೆ ಹೊಡೆಯುವ ಗಂಡನ ಬಗ್ಗೆ ಬರೆದಷ್ಟೇ ಆ ಮುಚ್ಚಿದ ಬಾಗಿಲಿನ ಬಗ್ಗೆಯೂ ಬರೆದಿದ್ದಾರೆ ಅನ್ನುವುದು ಕಾಣುತ್ತದೆ. ನನಗೆ ಈ ಪುಸ್ತಕಗಳು ಕಲಿಸಿದ ದೊಡ್ಡ ವಿಷಯ ಅದೇ. ‘ಯಾಕೆ ಬರಲಿಲ್ಲ’ ಅಂತ ಕೇಳುವ ಮೊದಲು ‘ಬಂದಾಗ ಯಾರು ವಾಪಸ್ ಕಳಿಸಿದರು’ ಅಂತ ಕೇಳಬೇಕು.

‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾದಿರಾ ಕೊನೆಗೆ ಸಾಯುತ್ತಾಳೆ. ಅದು ಪ್ರತಿಭಟನೆಯಾ, ಸೋಲಾ?

ಗೊತ್ತಿಲ್ಲದವರಿಗೆ ಮೊದಲು ಕಥೆ. ಸಾರಾ ಅಬೂಬಕ್ಕರ್ ಕಾಸರಗೋಡಿನವರು, ಮನೆಮಾತು ಮಲಯಾಳಂ, ಓದಿದ್ದು ಬರೆದಿದ್ದು ಕನ್ನಡ. ಈ ಕಾದಂಬರಿ 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ನಾದಿರಾ ಮತ್ತು ರಶೀದ್ ಚೆನ್ನಾಗಿಯೇ ಇರುತ್ತಾರೆ. ಇಲ್ಲಿ ಕ್ರೂರಿ ಗಂಡನಲ್ಲ, ಅಪ್ಪ. ಮಹಮ್ಮದ್ ಖಾನ್ ಮೊದಲಿನಿಂದಲೂ ಹೆಂಡತಿ ಫಾತಿಮಾಳನ್ನು ಹೆದರಿಸಿ, ಹೊಡೆದು ಇಟ್ಟವನು. ಅದೇ ಹಟದಿಂದ ಮಗಳನ್ನೂ ಗಂಡನಿಂದ ಬಿಡಿಸುತ್ತಾನೆ. ತವರು ಇಲ್ಲಿ ಬಾಗಿಲು ಮುಚ್ಚುವ ಮನೆ ಅಲ್ಲ, ಹಿಡಿದು ಕೂಡಿಹಾಕುವ ಮನೆ. ಆಮೇಲೆ ಗಂಡ ಹೆಂಡತಿ ಮತ್ತೆ ಒಂದಾಗಬೇಕು ಅಂದರೆ ನಾದಿರಾ ಇನ್ನೊಬ್ಬನನ್ನು ಮದುವೆಯಾಗಿ ಅವನ ಜೊತೆ ಒಂದು ರಾತ್ರಿ ಕಳೆದು ತಲಾಖ್ ಪಡೆಯಬೇಕು ಅನ್ನುತ್ತಾರೆ. ಅವಳು ಮಸೀದಿಯ ಕೆರೆಗೆ ಇಳಿಯುತ್ತಾಳೆ.

ನಮ್ಮಲ್ಲಿ ಜೋರು ಜಗಳ ಆಗಿದ್ದು ಇದೇ ಕಾದಂಬರಿಗೆ. ನನ್ನ ಗೆಳತಿಯೊಬ್ಬಳು, ಅವಳು ತನ್ನ ಮೈಯನ್ನು ಅವರ ಲೆಕ್ಕಾಚಾರಕ್ಕೆ ಕೊಡಲಿಲ್ಲ, ಅದು ಪ್ರತಿಭಟನೆಯೇ ಅನ್ನುತ್ತಾಳೆ. ನಾನು ಒಪ್ಪುವುದಿಲ್ಲ. ಸಾವನ್ನು ಗೆಲುವು ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ. ‘ಕೆರೆಗೆ ಹಾರ’ ಹಾಡಿನಲ್ಲಿ ಭಾಗೀರಥಿಯನ್ನು ಕೆರೆಗೆ ಕೊಟ್ಟು, ಆಮೇಲೆ ಅವಳ ಬಗ್ಗೆ ಹಾಡು ಕಟ್ಟಿದ ನಾಡು ನಮ್ಮದು. ಸತ್ತ ಹೆಣ್ಣನ್ನು ಕೊಂಡಾಡುವುದು ನಮಗೆ ಚೆನ್ನಾಗಿ ಗೊತ್ತು. ನನ್ನ ಮಟ್ಟಿಗೆ ಇಲ್ಲಿ ಪ್ರತಿಭಟನೆ ಮಾಡಿದವರು ಸಾರಾ. ಆ ಸಾವಿಗೆ ಹೂವು ಏರಿಸದೆ, ಅದಕ್ಕೆ ಕಾರಣ ಯಾರ್ಯಾರು ಅಂತ ಒಬ್ಬೊಬ್ಬರನ್ನೇ ತೋರಿಸುತ್ತಾ ಬಂದರು. ಸುಪ್ರೀಂ ಕೋರ್ಟ್ ತ್ರಿವಳಿ ತಲಾಖ್ ಅಸಿಂಧು ಅಂದಿದ್ದು 2017ರಲ್ಲಿ. ಅದಕ್ಕೂ 36 ವರ್ಷ ಮೊದಲು ಒಬ್ಬ ಹೆಣ್ಣುಮಗಳು ತಲಾಖಿನ ಹೆಸರಿನಲ್ಲಿ ಏನೇನು ನಡೆಯುತ್ತದೆ ಅಂತ ಬರೆದು ವಾರಪತ್ರಿಕೆಗೆ ಕೊಟ್ಟಿದ್ದರು.

ಹಾಗಾದರೆ ಸಾಯದೆ ಎದುರು ನಿಂತವರ ಕಥೆ ಇಲ್ಲವಾ?

ಇವೆ, ಬೇಕಾದಷ್ಟು. ಬಾನು ಅವರದೇ ‘ಕರಿನಾಗರಗಳು’ ಓದಿ. ಬರೀ ಹೆಣ್ಣುಮಕ್ಕಳನ್ನೇ ಹೆತ್ತಳು ಅಂತ ಯಾಕೂಬ್ ಹೆಂಡತಿ ಅಶ್ರಫ್‌ಳನ್ನು ಕೈಬಿಟ್ಟಿದ್ದಾನೆ. ಓದಿಕೊಂಡ ಝುಲೇಖಾ ಬೇಗಂ ಅವಳಿಗೆ, ನಿನಗೆ ಧರ್ಮವೇ ಕೊಟ್ಟ ಹಕ್ಕುಗಳಿವೆ, ಕೇಳು ಅನ್ನುತ್ತಾಳೆ. ಅಶ್ರಫ್ ಮಕ್ಕಳನ್ನು ಕರೆದುಕೊಂಡು ಹೋಗಿ ಮಸೀದಿಯಲ್ಲಿ ನ್ಯಾಯಕ್ಕಾಗಿ ಕೂರುತ್ತಾಳೆ. ಮಸೀದಿಯ ಆಡಳಿತ ನೋಡಿಕೊಳ್ಳುವ ಮುತವಲ್ಲಿ ಇವತ್ತು ನಾಳೆ ಅಂತ ತಳ್ಳುತ್ತಾನೆ. ಕಾಯಿಲೆ ಬಿದ್ದ ಕೂಸು ಅಲ್ಲೇ ಸಾಯುತ್ತದೆ.

ಆಮೇಲೆ ನಡೆಯುವುದು ನೋಡಿ. ಮುತವಲ್ಲಿ ಬೀದಿಯಲ್ಲಿ ನಡೆದು ಹೋಗುವಾಗ ಮೊಹಲ್ಲಾದ ಹೆಂಗಸರು ಅವನಿಗೆ ಶಾಪ ಹಾಕುತ್ತಾರೆ, ಕರಿನಾಗರಗಳು ಸುತ್ತಿಕೊಳ್ಳಲಿ ಅಂತ. ಕೈಲಾಗದವರ ಶಾಪ ಅಂತ ಅದನ್ನು ತಳ್ಳಿಹಾಕಬೇಡಿ, ಅಲ್ಲಿಯವರೆಗೆ ಅವನ ಎದುರು ತಲೆ ಎತ್ತದವರು ಅವರು. ಕೊನೆಗೆ ಅವನ ಸ್ವಂತ ಹೆಂಡತಿ ಆಮಿನಾ. ಸಾಲಾಗಿ ಹೆತ್ತು ಸುಸ್ತಾದವಳು, ಮಕ್ಕಳಾಗದ ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಅಂತ ಎಷ್ಟು ಕೇಳಿದರೂ ಗಂಡ ಒಪ್ಪಿರಲಿಲ್ಲ. ಅವತ್ತು ಅವಳು ಕೇಳುವುದಿಲ್ಲ. ಹೋಗುತ್ತಿದ್ದೇನೆ ಅಂತ ಹೇಳಿ ಹೊರಡುತ್ತಾಳೆ ಅಷ್ಟೇ. ಒಬ್ಬಳಿಗೆ ಆದ ಅನ್ಯಾಯ ಇನ್ನೊಬ್ಬಳ ಕಾಲಿಗೆ ಬಲ ಕೊಟ್ಟಿತು. ಇದೇ ಕಥೆಯನ್ನು ಗಿರೀಶ್ ಕಾಸರವಳ್ಳಿ ‘ಹಸೀನಾ’ ಸಿನಿಮಾ ಮಾಡಿದರು, ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ದಲ್ಲಿ ದಾಕ್ಷಾಯಿಣಿ ಇದ್ದಾಳೆ. ಗಂಡ ಸತ್ತ ಮೇಲೆ ತಲೆ ಬೋಳಿಸಲು ಬಂದಾಗ ಒಲ್ಲೆ ಅಂತಾಳೆ. ಅವಳ ಪರವಾಗಿ ಮಾತಾಡುವುದು ಯಾರು ಗೊತ್ತಾ? ಬಾಲ್ಯದಲ್ಲೇ ವಿಧವೆಯಾಗಿ, ಕೂದಲು ಕಳೆದುಕೊಂಡು, ಒಪ್ಪೊತ್ತು ಉಂಡು ಬದುಕಿದ ಫಣಿಯಮ್ಮ. ‘ನಾನು ಅನುಭವಿಸಿಲ್ಲವಾ, ನೀನೂ ಅನುಭವಿಸು’ ಅನ್ನುವುದು ಸುಲಭವಿತ್ತು. ಆ ಮುದುಕಿ ಹಾಗೆ ಅನ್ನಲಿಲ್ಲ. ಆ ಪುಟ ನನಗೆ ತುಂಬಾ ಇಷ್ಟ.

ಹೊಡೆತ ಇಲ್ಲದಿದ್ದರೆ ಅದನ್ನು ಹಿಂಸೆ ಅನ್ನಬಹುದಾ?

ಅನ್ನಬಹುದು. ತ್ರಿವೇಣಿಯವರ ‘ಶರಪಂಜರ’ದಲ್ಲಿ ಕಾವೇರಿಯ ಮೇಲೆ ನಡೆಯುವ ದೊಡ್ಡ ಹಿಂಸೆ ಏಟಿನದಲ್ಲ. ಬಾಣಂತನದ ಹೊತ್ತಿನಲ್ಲಿ ಮನಸ್ಸು ಕೆಟ್ಟು ಆಸ್ಪತ್ರೆ ಸೇರಿದಳು, ಗುಣವಾಗಿ ಮನೆಗೆ ಬಂದಳು. ಬಂದ ಮೇಲೆ ಅವಳು ಜೋರಾಗಿ ನಕ್ಕರೂ ಅನುಮಾನ, ಸುಮ್ಮನೆ ಕೂತರೂ ಅನುಮಾನ. ಡಾಕ್ಟರು ವಾಸಿಯಾಗಿದೆ ಅಂದರೂ ಮನೆಯವರು ನಂಬುವುದಿಲ್ಲ. ನಂಬದೆ ನಂಬದೆ ಅವಳನ್ನು ಮತ್ತೆ ಅದೇ ಕಾಯಿಲೆಗೆ ತಳ್ಳುತ್ತಾರೆ. ಪುಟ್ಟಣ್ಣನವರ ಸಿನಿಮಾದಲ್ಲಿ ಕಲ್ಪನಾ ಅವರನ್ನು ನೋಡಿದವರಿಗೆ ಹೇಳಬೇಕಾಗಿಲ್ಲ. ಮನಃಶಾಸ್ತ್ರ ಓದಿಕೊಂಡಿದ್ದ ತ್ರಿವೇಣಿ 1963ರಲ್ಲಿ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಅವರಿಗೆ 40 ಕೂಡ ಆಗಿರಲಿಲ್ಲ.

ವೈದೇಹಿಯವರ ‘ಅಕ್ಕು’ವನ್ನೂ ಇದರ ಜೊತೆಗೇ ಓದಿ. ಮನೆಯವರು ಹುಚ್ಚಿ ಅಂತ ಕರೆಯುವ ಅಕ್ಕು ಆ ಮನೆಯಲ್ಲಿ ಯಾರೂ ಆಡದ ನಿಜಗಳನ್ನೆಲ್ಲ ಆಡುತ್ತಾಳೆ. ‘ಅವಳಿಗೆ ತಲೆ ಸರಿಯಿಲ್ಲ’ ಅನ್ನುವ ಮಾತು ಎಷ್ಟು ಮನೆಗಳಲ್ಲಿ ಎಷ್ಟು ಹೆಂಗಸರ ಬಾಯಿ ಮುಚ್ಚಿಸಿದೆಯೋ.

ಇದೆಲ್ಲ ಒಂದು ಸಮುದಾಯದ ಸಮಸ್ಯೆ ಅಲ್ವಾ?

ಅಲ್ಲ. ಬಾನು, ಸಾರಾ ತಮಗೆ ಗೊತ್ತಿರುವ ಬೀದಿಯ ಬಗ್ಗೆ ಬರೆದರು. ಫಣಿಯಮ್ಮ, ಕಾವೇರಿ, ಅಕ್ಕು ಬೇರೆ ಬೀದಿಯವರು. ಡಾ. ವಿಜಯಾ ಅವರ ‘ಕುದಿ ಎಸರು’ ಕಾದಂಬರಿ ಅಲ್ಲ, ಆತ್ಮಕಥೆ. ಆದರೂ ಈ ಸಾಲಿನಲ್ಲಿ ಇಡಲೇಬೇಕು. ದಾಂಪತ್ಯದಲ್ಲಿ ತಿಂದ ಏಟುಗಳನ್ನು ಹೆಸರಾಂತ ಪತ್ರಕರ್ತೆಯೊಬ್ಬರು ಮುಚ್ಚುಮರೆ ಇಲ್ಲದೆ ಬರೆದರು, 2019ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಆ ಪುಸ್ತಕಕ್ಕೆ ಬಂತು. ಅನ್ನಕ್ಕೆ ಇಟ್ಟ ನೀರು ಎಸರು. ಅದು ಕುದಿಯುವುದು ಅಡುಗೆಮನೆಯಲ್ಲಿರುವವಳಿಗೆ ಮಾತ್ರ ಕೇಳಿಸುತ್ತದೆ, ಹಜಾರದಲ್ಲಿ ಕೂತವರಿಗೆ ಕೇಳಿಸುವುದಿಲ್ಲ. ಹೆಸರು ನೋಡಿಯೇ ಪುಸ್ತಕ ಕೊಂಡಿದ್ದೆ ನಾನು.

ಅಂಕಿ ಬೇಕು ಅಂದರೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇ 44ರಷ್ಟು ಜನ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂದಿದ್ದಾರೆ. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಅದು ಶೇ 20ರ ಆಸುಪಾಸಿನಲ್ಲಿತ್ತು. ಹಿಂಸೆ ಜಾಸ್ತಿ ಆಯಿತೋ, ಹೇಳಿಕೊಳ್ಳುವ ಧೈರ್ಯ ಜಾಸ್ತಿ ಆಯಿತೋ, ಎರಡೂ ಇರಬಹುದು. ಒಂದು ಜಾತಿ, ಒಂದು ಧರ್ಮದ ಮನೆಗಳನ್ನು ಎಣಿಸಿದರೆ ಇಷ್ಟು ದೊಡ್ಡ ಸಂಖ್ಯೆ ಬರುವುದಿಲ್ಲ.

ಹೆಂಗಸರಿಗೆ ಹೆಂಗಸರೇ ಶತ್ರು ಅಂತಾರಲ್ಲ?

ಕಥೆಗಳಲ್ಲಿ ಕ್ರೂರಿ ಅತ್ತೆ ಇದ್ದಾಳೆ, ಇಲ್ಲ ಅನ್ನುವುದಿಲ್ಲ. ಆದರೆ ಬೆಂಕಿಪೊಟ್ಟಣ ಹಿಡಿದವಳನ್ನು ತಡೆದಿದ್ದು ಸಲ್ಮಾ. ಹಕ್ಕು ಹೇಳಿಕೊಟ್ಟಿದ್ದು ಝುಲೇಖಾ. ದಾಕ್ಷಾಯಿಣಿಯ ಪರ ನಿಂತಿದ್ದು ಫಣಿಯಮ್ಮ. ಈ ಮಾತನ್ನು ಜಾಸ್ತಿ ಹೇಳುವವರು ಇವರನ್ನು ಯಾಕೆ ಲೆಕ್ಕಕ್ಕೆ ತಗೊಳ್ಳುವುದಿಲ್ಲ?

ಸೀಮೆಎಣ್ಣೆ, ಬೆಂಕಿ ಇಷ್ಟೊಂದು ಯಾಕೆ ಬರುತ್ತದೆ?

ಆ ಕಾಲದ ಪೇಪರ್ ನೋಡಿದವರಿಗೆ ‘ಸ್ಟೋವ್ ಸಿಡಿದು ಗೃಹಿಣಿ ಸಾವು’ ಅನ್ನುವ ಪುಟ್ಟ ಸುದ್ದಿ ನೆನಪಿರುತ್ತದೆ. ಅದೇ ಅಡುಗೆಮನೆಯಲ್ಲಿ ಅತ್ತೆ, ನಾದಿನಿ ಇದ್ದರೂ ಸಿಡಿಯುವುದು ಮಾತ್ರ ಸೊಸೆಯ ಮೇಲೆ. ಬೆಂಗಳೂರಿನಲ್ಲಿ 1979ರಲ್ಲಿ ಶುರುವಾದ ವಿಮೋಚನಾ ಸಂಘಟನೆಯವರು 1990ರ ದಶಕದಲ್ಲಿ ಇಂಥ ಸಾವುಗಳ ಹಿಂದೆ ಬಿದ್ದರು. ಆಕಸ್ಮಿಕ ಅಂತ ಮುಚ್ಚಿದ ಕಡತಗಳ ಬಗ್ಗೆ ಪ್ರಶ್ನೆ ಎತ್ತಿದರು. ಹಾಗಾಗಿ ಸೀಮೆಎಣ್ಣೆ ಕಥೆಗಾರ್ತಿ ಸುಮ್ನೆ ತಂದಿಟ್ಟ ವಸ್ತು ಅಲ್ಲ, ಅಡುಗೆಮನೆಯ ಮೂಲೆಯಲ್ಲಿ ದಿನಾ ಕಣ್ಣಿಗೆ ಬೀಳುತ್ತಿದ್ದ ಡಬ್ಬ. ಬಾನು ಕೂಡ ಮದುವೆಯಾದ ಹೊಸತರಲ್ಲಿ ತಾವೇ ಆ ಅಂಚಿಗೆ ಹೋಗಿ ಬಂದಿದ್ದನ್ನು ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ.

ಇದನ್ನೆಲ್ಲ ಬರೆಯಲು ಶುರು ಮಾಡಿದ್ದು ಯಾವಾಗ? ಬೇರೆ ದೇಶದಿಂದ ಬಂದ ವಿಚಾರವಾ?

17ನೇ ಶತಮಾನದಲ್ಲಿ ಮೈಸೂರರಮನೆಯ ಸಂಚಿ ಹೊನ್ನಮ್ಮ ‘ಪೆಣ್ಣು ಪೆಣ್ಣೆಂದೇತಕೆ ಬೀಳುಗಳೆವರು, ಕಣ್ಣು ಕಾಣದ ಗಾವಿಲರು’ ಅಂತ ಬರೆದಿದ್ದಾಳೆ. ಹೆಣ್ಣು ಹೆಣ್ಣು ಅಂತ ಯಾಕೆ ಹೀಗಳೆಯುತ್ತಾರೆ ಕಣ್ಣು ಕಾಣದ ಮೂಢರು ಅಂತ ಅರ್ಥ. ಅದೂ ಪತಿವ್ರತೆಯ ಧರ್ಮ ಹೇಳುವ ಕಾವ್ಯದೊಳಗೆ! ಬಾಲವಿಧವೆ ನಂಜನಗೂಡು ತಿರುಮಲಾಂಬಾ 1910ರ ದಶಕದಲ್ಲಿ ತಾನೇ ಬರೆದು ತಾನೇ ಪ್ರಕಟಿಸಿದರು. ವೈದ್ಯೆಯಾಗಿದ್ದ ಅನುಪಮಾ ನಿರಂಜನ ಮಹಾಭಾರತದಿಂದಲೇ ‘ಮಾಧವಿ’ಯನ್ನು ಎತ್ತಿಕೊಂಡರು. ಗಾಲವ ಅನ್ನುವ ಮುನಿ ತನ್ನ ಗುರುವಿಗೆ ದಕ್ಷಿಣೆಯಾಗಿ ಕೊಡಬೇಕಿದ್ದ 800 ಕುದುರೆಗಳಿಗಾಗಿ ಅಪ್ಪ ಯಯಾತಿ ಮಗಳನ್ನು ಅವನ ಕೈಗೆ ಕೊಡುತ್ತಾನೆ, ಅವನು ಒಬ್ಬ ರಾಜನಾದ ಮೇಲೆ ಇನ್ನೊಬ್ಬ ರಾಜನಿಗೆ ಅವಳನ್ನು ಒಪ್ಪಿಸುತ್ತಾ ಹೋಗುತ್ತಾನೆ. ಕೊನೆಗೆ ಸ್ವಯಂವರ ಮಾಡಿದಾಗ ಅವಳು ಯಾವ ರಾಜನನ್ನೂ ಆರಿಸದೆ ಕಾಡಿಗೆ ಹೋಗುತ್ತಾಳೆ. ಅವಳ ತವರೂ ಅಷ್ಟೇ, ನೋಡಿ.

ಓದಿದರೆ ನೋವು ಜಾಸ್ತಿ ಆಗುತ್ತೆ. ಯಾಕೆ ಓದಬೇಕು?

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಒಂದು ಕನ್ನಡದ ಜನಪದ ಕಥೆ ಹೇಳುತ್ತೇನೆ. ಒಬ್ಬಳಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಯಾರಿಗೂ ಹೇಳುತ್ತಿರಲಿಲ್ಲ. ಒಳಗೇ ಉಸಿರುಕಟ್ಟಿದ ಅವು ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಹೊರಬಿದ್ದವು. ಕಥೆ ಬಾಗಿಲ ಹೊರಗೆ ಚಪ್ಪಲಿ ಜೋಡಾಗಿ ಕೂತಿತು, ಹಾಡು ಗೂಟದ ಮೇಲೆ ಗಂಡಸಿನ ಅಂಗಿಯಾಗಿ ನೇತಾಡಿತು. ಗಂಡ ಬಂದವನು “ಯಾರು ಬಂದಿದ್ದರು?” ಅಂತ ಜಗಳ ತೆಗೆದು, ಸಿಟ್ಟಿನಿಂದ ಗುಡಿಗೆ ಹೋಗಿ ಮಲಗಿದ. ರಾತ್ರಿ ದೀಪ ಆರಿಸಿದ ಮೇಲೆ ಊರಿನ ದೀಪಗಳ ಜ್ವಾಲೆಗಳೆಲ್ಲ ಆ ಗುಡಿಯಲ್ಲಿ ಸೇರಿ ಮಾತಾಡಿಕೊಳ್ಳುತ್ತಿದ್ದವು. ಅವತ್ತು ಒಂದು ಜ್ವಾಲೆ ತಡವಾಗಿ ಬಂತು, ನಮ್ಮ ಮನೆಯಲ್ಲಿ ಹೀಗೆ ಜಗಳ ಆಯಿತು ಅಂತ ಕಾರಣ ಹೇಳಿತು. ಗಂಡ ಎಲ್ಲ ಕೇಳಿಸಿಕೊಂಡು ಮನೆಗೆ ಓಡಿ, ಆ ಕಥೆ, ಆ ಹಾಡು ಹೇಳು ಅಂದ. ಅವಳು, “ಯಾವ ಕಥೆ? ಯಾವ ಹಾಡು?” ಅಂದಳು. ಮರೆತೇಹೋಗಿತ್ತು.

ನನ್ನಮ್ಮನಿಗೆ ‘ಎದೆಯ ಹಣತೆ’ ಓದಿ ಹೇಳಿದ ಸಂಜೆ ಅವರು ಬಹಳ ಹೊತ್ತು ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಆಮೇಲೆ ತಮ್ಮ ಚಿಕ್ಕಮ್ಮ ಒಬ್ಬರ ಬಗ್ಗೆ ಹೇಳಿದರು. ಆ ಹೆಸರನ್ನೇ ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ನೋವು ಜಾಸ್ತಿ ಆಯಿತಾ ಅಂದರೆ, ಹೌದು, ಆಯಿತು. ಆದರೆ ಆ ಚಿಕ್ಕಮ್ಮನ ಹೆಸರು ಈಗ ಮನೆಯಲ್ಲಿ ಎಲ್ಲರಿಗೂ ಗೊತ್ತು.

ಗಂಡಸರೂ ಓದಬಹುದಾ?

ಓದಲೇಬೇಕು. ಅದರಲ್ಲೂ ಅಕ್ಕತಂಗಿಯರು ಇರುವವರು ಮೆಹರುನ್‌ಳ ಅಣ್ಣಂದಿರ ಜಾಗದಲ್ಲಿ ತಮ್ಮನ್ನು ಇಟ್ಟುಕೊಂಡು ಓದಿ.

ಕಥೆ ಓದುತ್ತಾ ಇದು ನಮ್ಮನೆ ಕಥೆಯೇ ಅನ್ನಿಸಿದರೆ?

181ಕ್ಕೆ ಫೋನ್ ಮಾಡಿ, ಅದು ಮಹಿಳಾ ಸಹಾಯವಾಣಿ. ಜೀವಕ್ಕೆ ಅಪಾಯ ಇದ್ದರೆ 112. 2005ರ ಕೌಟುಂಬಿಕ ಹಿಂಸೆ ಕಾಯಿದೆ 2006ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಹೊಡೆತದ ಜೊತೆಗೆ ಬೈಗುಳ, ಅವಮಾನ, ಖರ್ಚಿಗೆ ಕಾಸು ಕೊಡದಿರುವುದು ಎಲ್ಲವೂ ಅದರಲ್ಲಿ ಹಿಂಸೆಯೇ. ಮನೆ ನಿಮ್ಮ ಹೆಸರಿನಲ್ಲಿ ಇಲ್ಲದಿದ್ದರೂ ಅಲ್ಲಿ ವಾಸಿಸುವ ಹಕ್ಕು ನಿಮಗಿದೆ, ಸುಮ್ನೆ ಹೊರಗೆ ಹಾಕುವಂತಿಲ್ಲ. ದೂರು ಕೊಡಲು ಸಂರಕ್ಷಣಾಧಿಕಾರಿ ಅಂತ ಇರುತ್ತಾರೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ಕೇಳಿ. ಹೆಂಡತಿಗೆ ಮಾತ್ರ ಅಲ್ಲ, ಅದೇ ಮನೆಯಲ್ಲಿರುವ ತಾಯಿ, ಅಕ್ಕತಂಗಿಯರಿಗೂ ಈ ಕಾಯಿದೆ ಅನ್ವಯಿಸುತ್ತದೆ.

ಮಗಳೋ ತಂಗಿಯೋ ಬ್ಯಾಗ್ ಹಿಡಿದು ಬಾಗಿಲಿಗೆ ಬಂದು ನಿಂತರೆ ಏನು ಮಾಡಬೇಕು?

ಒಳಗೆ ಕರೆಯಿರಿ. ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಅನ್ನುವ ಗಾದೆ ಅವತ್ತು ನೆನಪಾಗದಿರಲಿ. ‘ನೀನೇನು ಮಾಡಿದೆ?’ ಅಂತ ಕೇಳಬೇಡಿ. ಅವಳು ಕೇಳದೆ ಆ ಮನೆಗೆ ಫೋನ್ ಮಾಡಬೇಡಿ, ರಾತ್ರೋರಾತ್ರಿ ರಾಜಿ ಪಂಚಾಯಿತಿ ಸೇರಿಸಬೇಡಿ. ಮೈಮೇಲೆ ಗಾಯ ಇದ್ದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಚೀಟಿಯಲ್ಲಿ ಬರೆಸಿ, ಆ ಚೀಟಿ ಜೋಪಾನವಾಗಿಡಿ. ಆಧಾರ್, ಮಾರ್ಕ್ಸ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಅಲ್ಲೇ ಉಳಿದಿದ್ದರೆ ಆಮೇಲೆ ಪೊಲೀಸರ ಸಹಾಯದಿಂದ ತರಿಸಬಹುದು. ಅದೆಲ್ಲ ನಾಳೆಗೆ. ಇವತ್ತು ತಟ್ಟೆ ಹಾಕಿ, ಮಗುವಿಗೆ ಹಾಲು ಕಾಯಿಸಿ, ಅವಳು ಮದುವೆಗೆ ಮೊದಲು ಮಲಗುತ್ತಿದ್ದ ಕೋಣೆಯಲ್ಲಿ ಹಾಸಿಗೆ ಹಾಸಿಕೊಡಿ.